ಬಜ್ಜಿ ಮೆಣಸಿನಕಾಯಿ ಬೀಜ ಮೊಳೆಯದಿದ್ದರೆ

ಬೀಜ ಬಲಿತಿಲ್ಲ, ಬಹುಶಃ ಅದೇ ಕಾರಣ. ಸಂತೆಯಿಂದ ತಂದ ಹಸಿರು ಕಾಯಿಯ ಬೀಜ, 20 ದಿನವಾದರೂ ಮೊಳೆತಿಲ್ಲ ಅಂದಿರಲ್ವಾ? ಕೊಪ್ಪಳದಲ್ಲಿ ನನಗೂ ಎರಡು ಸಲ ಹೀಗೇ ಆಗಿತ್ತು.

ಈ ಸಲ ಕೆಂಪಾದ ಕಾಯಿ ಕೇಳಿ ತನ್ನಿ. ಬಜ್ಜಿಗೆ ಬೇಡವೆಂದು ವ್ಯಾಪಾರಿಗಳು ಅವನ್ನು ಪಕ್ಕಕ್ಕೆ ಸರಿಸಿರುತ್ತಾರೆ. ಪೂರ್ತಿ ಕೆಂಪಾಗಿ ಮೆತ್ತಗಾದ ಮೇಲೆ ಸೀಳಿ. ಬೀಜ ಗಟ್ಟಿಯಾಗಿ, ತಿಳಿ ಹಳದಿ ಇರಬೇಕು. ನೆರಳಲ್ಲೇ 5-6 ದಿನ ಒಣಗಿಸಿ, ನಮ್ಮ ಕಡೆ ಬಿಸಿಲಿಗೆ ಇಡಲೇಬೇಡಿ. ರಾತ್ರಿ ನೆನೆಸಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ, ಒದ್ದೆ ಗೋಣಿಚೀಲ ಮುಚ್ಚಿ. ಸುಮಾರು 8-12 ದಿನಕ್ಕೆ ಮೊಳಕೆ ಕಂಡ ಕೂಡಲೇ ಚೀಲ ತೆಗೆಯಿರಿ, ಇಲ್ಲಾಂದ್ರೆ ಸಸಿ ಬುಡದಲ್ಲೇ ಕೊಳೆಯುತ್ತದೆ. 40 ದಿನಕ್ಕೆ ದೊಡ್ಡ ಕುಂಡಕ್ಕೆ ಬದಲಿಸಿ.

ತಾಯಿ ಗಿಡ ಹೈಬ್ರಿಡ್ ಆಗಿದ್ದರೆ ಎಲ್ಲ ಗಿಡದಲ್ಲೂ ಅಷ್ಟುದ್ದದ ಕಾಯಿ ಬಿಡುವುದಿಲ್ಲ. ಕಾಯಿ ನೋಡಿ ಅದು ತಿಳಿಯುವುದಿಲ್ಲ. ಅದಕ್ಕೇ 6-7 ಸಸಿ ಬೆಳೆಸಿ, ದೊಡ್ಡ ಕಾಯಿ ಬಿಟ್ಟ ಗಿಡದ್ದೇ ಬೀಜ ಇಟ್ಟುಕೊಳ್ಳಿ.