2 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್‌ಗೆ ಯಾವ ಹಗುರ ಲಿನಕ್ಸ್ ಸೂಕ್ತ?

ಮೊದಲು ನಿಮ್ಮ ಪ್ರೊಸೆಸರ್ 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಉಳಿದ ಆಯ್ಕೆಗಳೆಲ್ಲ ಅದನ್ನೇ ಅವಲಂಬಿಸಿವೆ. ಲುಬುಂಟು ಎಂಬ ಹಗುರ ವಿತರಣೆ (ಲಿನಕ್ಸ್‌ನ ಸಿದ್ಧ ರೂಪ) 2019ರ 19.04 ಆವೃತ್ತಿಯಿಂದಲೇ 32 ಬಿಟ್ ಅನ್ನು ಕೈಬಿಟ್ಟಿದೆ. 2025ರಲ್ಲಿ ಬಂದ ಡೆಬಿಯನ್ 13 ಎಂಬ ಇನ್ನೊಂದು ವಿತರಣೆಯಲ್ಲಿಯೂ 32 ಬಿಟ್‌ಗೆ ಅಧಿಕೃತ ಇನ್‌ಸ್ಟಾಲರ್ ಇಲ್ಲ. ಆದ್ದರಿಂದ 32 ಬಿಟ್ ಯಂತ್ರಕ್ಕೆ, ಡೆಬಿಯನ್ 12ನ್ನು ಆಧರಿಸಿದ ಆಂಟಿಎಕ್ಸ್ 23 ಅನ್ನು ನಾನು ಸೂಚಿಸುತ್ತೇನೆ. ಪೂರ್ಣ ಡೆಸ್ಕ್‌ಟಾಪ್‌ನ ಬದಲು ಐಸ್‌ಡಬ್ಲ್ಯುಎಂ ಎಂಬ ಪುಟ್ಟ ವಿಂಡೋ ಮ್ಯಾನೇಜರ್ (ಪರದೆಯ ವಿಂಡೋಗಳನ್ನು ನಿರ್ವಹಿಸುವ ತಂತ್ರಾಂಶ) ಬಳಸುವುದರಿಂದ ಅದು ಬಹಳ ಕಡಿಮೆ ಮೆಮೊರಿಯಲ್ಲಿ ನಡೆಯುತ್ತದೆ.

64 ಬಿಟ್ ಆಗಿದ್ದರೆ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಇರುವ ಲುಬುಂಟು ಸಾಕು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವ ಆವೃತ್ತಿ ಹೊಸಬರಿಗೆ ಹೆಚ್ಚು ಸಲೀಸಾದರೂ, ಅದಕ್ಕೆ 2 ಜಿಬಿ ಕನಿಷ್ಠ ಅಗತ್ಯವಷ್ಟೇ. ನೆಮ್ಮದಿಯ ಬಳಕೆಗೆ 4 ಜಿಬಿ ಬೇಕೆಂದು ಮಿಂಟ್ ತಂಡದವರೇ ಹೇಳುತ್ತಾರೆ.

ಆದರೆ ಯಾವುದನ್ನು ಹಾಕಿದರೂ ಮೆಮೊರಿಯನ್ನು ಹೆಚ್ಚಾಗಿ ನುಂಗುವುದು ಬ್ರೌಸರ್. ನಾಲ್ಕೈದು ಟ್ಯಾಬ್ ತೆರೆದ ಕೂಡಲೇ ರ‍್ಯಾಮ್ ತುಂಬಿ, ಕೆಲಸ ಡಿಸ್ಕ್‌ನಲ್ಲಿ ಮೆಮೊರಿಯಂತೆ ಬಳಸುವ ಜಾಗವಾದ ಸ್ವಾಪ್‌ಗೆ ಹೊರಳಿ, ಹಳೆಯ ಹಾರ್ಡ್ ಡಿಸ್ಕ್‌ನ ದೀಪ ಆರದೆ ಮಿನುಗುತ್ತಲೇ ಇದ್ದರೆ ವಿತರಣೆಯನ್ನು ಮತ್ತೆ ಬದಲಿಸಬೇಡಿ. ಆ ಯಂತ್ರಕ್ಕೆ ಹೊಂದುವ ರ‍್ಯಾಮ್ ಸೇರಿಸಿ, ಸಾಧ್ಯವಾದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಇನ್‌ಸ್ಟಾಲ್ ಮಾಡುವ ಮುನ್ನ ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ವೈಫೈ ಮತ್ತು ಧ್ವನಿ ಸರಿಯಾಗಿವೆಯೇ ಎಂದು ಪರೀಕ್ಷಿಸಿ.