ಪ್ರೊಜೆಕ್ಟರ್ ಇಲ್ಲದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ಏನು ಬಳಸಬಹುದು?

ಮೇಡಂ, ನೀವು ಹೊಸನಗರ ಕಡೆಯ ಪ್ರೌಢಶಾಲೆಗೆ ಹೊಸದಾಗಿ ಬಂದಿದ್ದೀರಿ. ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು, ಮಳೆ ಶುರುವಾದರೆ ಕರೆಂಟ್ ಹೋಗುತ್ತದೆ, ಪಠ್ಯಪುಸ್ತಕ ಬಿಟ್ಟು ಕ್ಲಾಸಿಗೆ ಏನು ತಗೊಂಡು ಹೋಗಲಿ ಅಂತ ಕೇಳಿದ್ದೀರಿ. ನಾನು ಸಾಗರ ಸೀಮೆಯಲ್ಲಿ ಇಪ್ಪತ್ತು ವರ್ಷದಿಂದ ಇದೇ ವಿಷಯ ಪಾಠ ಮಾಡುತ್ತಿದ್ದೇನೆ. ರಾಜ್ಯಕ್ಕೆಲ್ಲ ಕರೆಂಟ್ ಕೊಡುವ ಶರಾವತಿ ಪಕ್ಕದಲ್ಲೇ ಕೂತು ಮೇಣದಬತ್ತಿ ಹಚ್ಚುವುದು ನಮಗೆ ಹೊಸದೇನಲ್ಲ ಬಿಡಿ.

ಮೊದಲು ಒಂದು ಮಾತು. ಚಾರ್ಟ್ ಕೊಳ್ಳಲು ದುಡ್ಡು ಹಾಕಬೇಡಿ. ನಾನು ಮೊದಲ ಎರಡು ವರ್ಷ ಸಂಬಳದಲ್ಲೇ ಬಣ್ಣದ ಚಾರ್ಟ್ ತಂದು ಗೋಡೆ ತುಂಬಾ ಅಂಟಿಸಿದ್ದೆ. ಆಗಸ್ಟ್ ಹೊತ್ತಿಗೆ ಅಶೋಕನಿಂದ ಅಕ್ಬರನವರೆಗೆ ಎಲ್ಲರಿಗೂ ಬೂಷ್ಟು ಹಿಡಿದಿತ್ತು. ಮಕ್ಕಳಂತೂ ಅದರ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ನನ್ನ ಕಣ್ಣು ತೆರೆಸಿದ್ದು ಒಂದು ಕೊಳಗ. ಕಾಗೋಡು ಸತ್ಯಾಗ್ರಹದ ಬಗ್ಗೆ ಹೇಳುತ್ತಿದ್ದೆ. 1951ರಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ಎದ್ದು ನಿಂತದ್ದು, ರೈತ ಮುಖಂಡ ಎಚ್. ಗಣಪತಿಯಪ್ಪ, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತದ್ದು, ಸಮಾಜವಾದಿ ನಾಯಕ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದದ್ದು, ಎಲ್ಲ ಹೇಳಿದೆ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಒಂದು ಮೂಲ ಅಂತಲೂ ಹೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು, 'ಸಾರ್, ಕೊಳಗ ಅಂದ್ರೆ ಕೊಳಗ ಅಲ್ವಾ? ದೊಡ್ಡದು ಚಿಕ್ಕದು ಹೆಂಗಾಗುತ್ತೆ?' ಅಂದ. ನನ್ನ ಹತ್ತಿರ ಉತ್ತರ ಇತ್ತು, ಆದರೆ ಹೇಳಲಿಲ್ಲ. 'ನಾಳೆ ಯಾರ ಮನೆ ಅಟ್ಟದಲ್ಲಿ ಕೊಳಗ ಇದೆಯೋ ತನ್ನಿ' ಅಂದೆ.

ಮೂರು ಬಂದವು. ನೋಡಲು ಹೆಚ್ಚುಕಮ್ಮಿ ಒಂದೇ ಥರ. ಬಿಸಿಯೂಟದ ಅಕ್ಕನ ಹತ್ತಿರ ಅಕ್ಕಿ ಕಡ ತಂದು, ಒಂದೇ ಪಾವಿನಿಂದ ಮೂರನ್ನೂ ತುಂಬಿಸಿದೆವು. ಮೂರಕ್ಕೂ ಮೂರು ಲೆಕ್ಕ ಬಂತು. ಅಂಚಿನ ಮೇಲೆ ಗೋಪುರದ ಹಾಗೆ ತುಂಬಿ ಅಳೆದರೆ ಒಂದು, ಅಂಚಿಗೆ ಸಮ ಮಾಡಿ ಅಳೆದರೆ ಇನ್ನೊಂದು. ಆಮೇಲೆ ಬೋರ್ಡಿನ ಮೇಲೆ ಮಕ್ಕಳೇ ಲೆಕ್ಕ ಹಾಕಿದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗಕ್ಕೆ ಒಂದು ಪಾವು ಜಾಸ್ತಿ ಹೋದರೆ ಹತ್ತು ಖಂಡುಗ ಗೇಣಿ ಕೊಡುವವನಿಗೆ ಎಷ್ಟು ನಷ್ಟ? ಇನ್ನೂರು ಪಾವು. ಕ್ಲಾಸು ಒಂದು ನಿಮಿಷ ಗಪ್‌ಚಿಪ್. ಆ ವರ್ಷದ ಪರೀಕ್ಷೆಯಲ್ಲಿ ಯಾರೂ ಕಾಗೋಡಿನ ಇಸವಿ ತಪ್ಪಿ ಬರೆಯಲಿಲ್ಲ.

ಇದರ ಬೆನ್ನಿಗೇ 1974ಕ್ಕೆ ಹೋಗಬಹುದು. ದೇವರಾಜ ಅರಸರ ಕಾಲದ ಭೂ ಸುಧಾರಣೆ ಕಾಯ್ದೆಯ ತಿದ್ದುಪಡಿ, ಉಳುವವನೇ ಹೊಲದೊಡೆಯ. ಮಕ್ಕಳಿಗೆ ಅಜ್ಜ ಅಜ್ಜಿಯನ್ನು ಕೇಳಲು ಹೇಳಿ: 'ಡಿಕ್ಲರೇಷನ್ (ಗೇಣಿ ಜಮೀನಿನ ಹಕ್ಕು ಕೇಳುವ ಅರ್ಜಿ) ಹಾಕಿದ್ರಾ? ಭೂ ನ್ಯಾಯಮಂಡಳಿಗೆ ಎಷ್ಟು ಸಲ ಓಡಾಡಿದ್ರಿ?' ಮಲೆನಾಡಿನಲ್ಲಿ ಈ ಪ್ರಶ್ನೆಗೆ ಕಥೆ ಇಲ್ಲದ ಮನೆ ಕಮ್ಮಿ. ಆದರೆ ಒಂದೇ ಬೆಂಚಿನಲ್ಲಿ ಒಡೆಯರ ಮನೆ ಮೊಮ್ಮಗಳೂ ಒಕ್ಕಲಿನ ಮನೆ ಮೊಮ್ಮಗನೂ ಕೂತಿರುತ್ತಾರೆ. ಒಂದು ಮನೆಗೆ ಗದ್ದೆ ಬಂದ ದಿನವೇ ಇನ್ನೊಂದು ಮನೆಯಿಂದ ಗದ್ದೆ ಹೋದ ದಿನ. ಎರಡೂ ಕಥೆ ಹೇಳಿಸಿ, ತೀರ್ಪು ಕೊಡಲು ಅವಸರ ಮಾಡಬೇಡಿ.

ನಾನು ಮಾಡಿದ ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ಪಹಣಿ ಒಳ್ಳೆಯ ಪಾಠ. ಸರ್ವೆ ನಂಬರು, ಮಾಲೀಕರ ಹೆಸರು, ಬೆಳೆ, ಸಾಲ, ಎಲ್ಲ ಒಂದೇ ಹಾಳೆಯಲ್ಲಿ ಸಿಗುತ್ತದೆ. ಸರಿ, ಎಲ್ಲರೂ ಮನೆಯ ಪಹಣಿ ಜೆರಾಕ್ಸ್ ತನ್ನಿ ಅಂದೆ. ಒಬ್ಬಳು ಮೂರು ದಿನ ಶಾಲೆಗೇ ಬರಲಿಲ್ಲ. ಆಮೇಲೆ ಗೊತ್ತಾಯಿತು. ಅವಳ ಅಜ್ಜನ ಊರು ಹಿನ್ನೀರಿನಲ್ಲಿ ಮುಳುಗಿತ್ತು, ಕೊಟ್ಟ ಜಾಗಕ್ಕೆ ಇನ್ನೂ ಹಕ್ಕುಪತ್ರ ಆಗಿರಲಿಲ್ಲ. ತರಲು ಅವಳ ಹತ್ತಿರ ಪಹಣಿಯೇ ಇರಲಿಲ್ಲ. ಅವತ್ತಿನಿಂದ ನನ್ನ ಮನೆಯ ಪಹಣಿಯನ್ನೇ ಒಯ್ಯುತ್ತೇನೆ, ಸಾಲದ ಕಾಲಂ ಸಮೇತ. ಮಕ್ಕಳಿಗೆ ಮೇಷ್ಟ್ರ ಸಾಲ ನೋಡುವುದಂದ್ರೆ ಭಾರೀ ಖುಷಿ.

ಮುಳುಗಡೆಯನ್ನು ಪಾಠ ಮಾಡಲು ನೀವಿರುವ ಜಾಗ ತುಂಬಾ ಸರಿಯಾದದ್ದು. ಲಿಂಗನಮಕ್ಕಿ ಅಣೆಕಟ್ಟೆ ಆದದ್ದು 1964ರಲ್ಲಿ. ಅದಕ್ಕೂ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಇತ್ತು. ಹೊಸ ಅಣೆಕಟ್ಟೆಯ ನೀರಿನಲ್ಲಿ ಹಳೆಯದೇ ಮುಳುಗಿತು, ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ತಲೆ ಎತ್ತುತ್ತದೆ. ವಿದ್ಯುತ್ ಯೋಜನೆಗಳ ಪಟ್ಟಿ ಬಾಯಿಪಾಠ ಮಾಡಿಸುವ ಬದಲು, ಊರು ಬಿಟ್ಟು ಬಂದ ಒಬ್ಬ ಅಜ್ಜಿಯನ್ನು ಕ್ಲಾಸಿಗೆ ಕರೆಯಿರಿ. ಏನೇನು ಗಾಡಿಗೆ ಹಾಕ್ಕೊಂಡು ಬಂದ್ರಿ, ಏನು ಬಿಟ್ಟು ಬಂದ್ರಿ ಅಂತ ಮಕ್ಕಳೇ ಕೇಳಲಿ. ಮಕ್ಕಳು ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡಿರಲಿ, ಇಲ್ಲದಿದ್ದರೆ ಅಜ್ಜಿ ಮದುವೆ ಮುಂಜಿ ಕಥೆಗೆ ಹೋಗಿಬಿಡುತ್ತಾರೆ.

ಎಂಟನೇ ಕ್ಲಾಸಿನ 'ಆಧಾರಗಳು' ಪಾಠಕ್ಕೆ ಕಲ್ಲು ಸಾಕು. ನಮ್ಮ ಜಿಲ್ಲೆಯಲ್ಲಿ ವೀರಗಲ್ಲು ಇಲ್ಲದ ದಿಕ್ಕಿಲ್ಲ. ಕೆರೆ ಏರಿ, ಬನ, ದೇವಸ್ಥಾನದ ಹಿಂದೆ, ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿ. ಸಾಮಾನ್ಯವಾಗಿ ಮೂರು ಪಟ್ಟಿ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಕೈಲಾಸ. ಕೆಳಗಿನಿಂದ ಮೇಲಕ್ಕೆ ಓದಬೇಕು, ಮಕ್ಕಳು ಮೇಲಿನಿಂದ ಶುರುಮಾಡಿ ತಲೆ ಕೆಡಿಸಿಕೊಳ್ಳುತ್ತಾರೆ. ಕೆಳಗಿನ ಪಟ್ಟಿಯಲ್ಲಿ ದನ ಇದ್ದರೆ ಅದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗುವವರ ಜೊತೆಗಿನ ಕಾದಾಟ. ಯಾಕೆ ದನಕ್ಕಾಗಿ ಪ್ರಾಣ ಬಿಟ್ಟರು ಅಂತ ಕೇಳಿ ನೋಡಿ. ಆ ಕಾಲದ ಆರ್ಥಿಕತೆಯೇ ಹೊರಗೆ ಬರುತ್ತದೆ.

ಕಲ್ಲಿನ ಮೇಲೆ ಬರಹ ಇದ್ದರೆ ಬಿ.ಎಲ್. ರೈಸ್ ಹೊರತಂದ ಶಾಸನಗಳ ಸಂಪುಟ 'ಎಪಿಗ್ರಾಫಿಯಾ ಕರ್ನಾಟಿಕಾ' ನೋಡಿ. ಹಳೆಯ ಶಿವಮೊಗ್ಗ ಜಿಲ್ಲೆಗೆ ಎರಡು ಸಂಪುಟ, ಏಳು ಮತ್ತು ಎಂಟು. ಶಿಕಾರಿಪುರ, ಶಿವಮೊಗ್ಗ ಏಳರಲ್ಲಿ. ಸೊರಬ, ಸಾಗರ, ತೀರ್ಥಹಳ್ಳಿ, ನಿಮ್ಮ ಕಡೆಯ ನಗರ ತಾಲ್ಲೂಕು (ಈಗಿನ ಹೊಸನಗರ) ಎಂಟರಲ್ಲಿ. ಸ್ಕ್ಯಾನ್ ಮಾಡಿದ್ದು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪೇಟೆಗೆ ಹೋದಾಗ ಇಳಿಸಿಕೊಂಡು ನಿಮ್ಮೂರಿನ ಪುಟ ಮಾತ್ರ ಪ್ರಿಂಟ್ ತೆಗೆಸಿ. ತಮ್ಮ ಊರಿನ ಹೆಸರು ನೂರು ವರ್ಷದ ಹಿಂದಿನ ಪುಸ್ತಕದಲ್ಲಿ ನೋಡಿದಾಗ ಮಕ್ಕಳ ಮುಖ ನೋಡಬೇಕು ನೀವು. ಹಳೆಯ ಶಾಸನಗಳಿರುವ ತಾಳಗುಂದ, ಬಳ್ಳಿಗಾವಿಗೆ ಪ್ರವಾಸ ಆದರೆ ಒಳ್ಳೆಯದೇ. ಆದರೆ ಬಸ್ಸಿನ ದುಡ್ಡು ಕೊಡಲು ಎಲ್ಲರಿಗೂ ಆಗುವುದಿಲ್ಲ, ಊರ ಬಾಗಿಲಿನ ಕಲ್ಲಿಗೆ ಟಿಕೆಟ್ ಇಲ್ಲ.

ಭೂಗೋಳಕ್ಕೆ ಮಳೆಗಿಂತ ಬೇರೆ ಏನು ಬೇಕು? ಬುಡದಿಂದ ಬಾಯಿವರೆಗೆ ಒಂದೇ ಅಗಲ ಇರುವ ಎರಡು ಡಬ್ಬಿ ತಗೊಳ್ಳಿ, ಒಂದು ದೊಡ್ಡದು, ಒಂದು ಚಿಕ್ಕದು. ಅಂಗಳದಲ್ಲಿ ಇಡಿ, ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ಅಳೆದು ನೀರು ಚೆಲ್ಲಿ. ದೊಡ್ಡ ಡಬ್ಬಿಯಲ್ಲಿ ಜಾಸ್ತಿ ಇರುತ್ತದೆ ಅಂತ ಎಲ್ಲರೂ ಪಂದ್ಯ ಕಟ್ಟುತ್ತಾರೆ. ಎರಡರಲ್ಲೂ ಎತ್ತರ ಹೆಚ್ಚುಕಮ್ಮಿ ಒಂದೇ. ಮಿಲಿಮೀಟರ್ ಮಳೆ ಅಂದರೆ ಏನು ಅಂತ ಅಲ್ಲಿಗೇ ಗೊತ್ತಾಗುತ್ತದೆ. ಲೆಕ್ಕವನ್ನು ತಿಂಗಳಿನ ಪಕ್ಕದಲ್ಲಿ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ಮಳೆ ನಕ್ಷತ್ರದ ಹೆಸರನ್ನೂ ಬರೆಸಿ, ಮನೆಯ ಹಿರಿಯರು ಮಾತಿಗೆ ಬರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟುತ್ತದೆ, ನೂರು ಕಿಲೋಮೀಟರ್ ಒಳಗಿನ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಮಳೆನೆರಳು ಅಂತ ಪುಸ್ತಕದಲ್ಲಿ ಇರುವುದು ಇದನ್ನೇ.

ಅರ್ಥಶಾಸ್ತ್ರಕ್ಕೆ ಪೇಪರಿನ ಅಡಿಕೆ ಧಾರಣೆ ಸಾಕು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ನಾಲ್ಕು ಬಗೆಯ ಅಡಿಕೆಗೆ ನಾಲ್ಕು ಗೆರೆ ಎಳೆಸಿ ವಾರವಾರ ಗ್ರಾಫ್ ಹಾಕಿಸಿ. ಈ ವಿಷಯದಲ್ಲಿ ನಿಮಗಿಂತ ಮಕ್ಕಳಿಗೇ ಜಾಸ್ತಿ ಗೊತ್ತಿರುತ್ತದೆ, ಸುಮ್ನೆ ಕೇಳಿಸಿಕೊಳ್ಳಿ. ಪೌರನೀತಿಗೆ ಮಕ್ಕಳ ಗ್ರಾಮಸಭೆ ಇದೆ. ಅಲ್ಲಿ ಭಾಷಣ ಮಾಡಿಸಬೇಡಿ, ಕಾಲುಸಂಕದ (ಹಳ್ಳ ದಾಟುವ ಕಿರುಸೇತುವೆ) ಬಗ್ಗೆ ಒಂದು ಅರ್ಜಿ ಬರೆಸಿ ಸ್ವೀಕೃತಿ ತರಿಸಿ, ಅದಕ್ಕೆ ಏನಾಯಿತು ಅಂತ ವರ್ಷವಿಡೀ ಬೆನ್ನು ಹತ್ತಲಿ.

ಸಿಲಬಸ್ ಮುಗಿಯುತ್ತದಾ ಅಂತ ಮುಖ್ಯ ಶಿಕ್ಷಕರು ಕೇಳೇ ಕೇಳುತ್ತಾರೆ. ಇಷ್ಟನ್ನೂ ಒಂದೇ ವರ್ಷ ಮಾಡಲು ಹೋದರೆ ಮುಗಿಯುವುದಿಲ್ಲ. ನಾನು ತಿಂಗಳಿಗೆ ಒಂದು ಮಾಡುತ್ತೇನೆ. ಹತ್ತನೇ ಕ್ಲಾಸಿಗೆ ಜನವರಿಯ ನಂತರ ಏನೂ ಇಲ್ಲ, ಬರೀ ನಕ್ಷೆ ಬಿಡಿಸುವುದು ಮತ್ತು ಹಳೆಯ ಪ್ರಶ್ನೆಪತ್ರಿಕೆ. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ನೀವಿರುವ ಶಾಲೆ ನಗರ ಅನ್ನುವ ಊರಿಗೆ ಹತ್ತಿರವಾದರೆ ಬಿದನೂರು ಕೋಟೆಗೆ ನಡೆಸಿಕೊಂಡೇ ಹೋಗಬಹುದು. ಕೆಳದಿ ಅರಸರ ರಾಜಧಾನಿ, 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಜನರ ಬಾಯಲ್ಲಿ ನಗರ ಮಾತ್ರ ಉಳಿಯಿತು. ದೀಪಾವಳಿ ಕಳೆದ ಮೇಲೆ ಹೋಗಿ. ಮಳೆಗಾಲದಲ್ಲಿ ಹೊರಟರೆ ಮಕ್ಕಳು ಇತಿಹಾಸ ನೋಡುವುದಿಲ್ಲ, ಕಾಲಿನ ಉಂಬಳ (ಜಿಗಣೆ) ಕೀಳುತ್ತಾ ಕೂರುತ್ತಾರೆ.