ನಿಂತಾಗ ಮಾತ್ರ ಹೀಟ್ ಆದ್ರ ಮೊದಲು ಫ್ಯಾನ್ ನೋಡ್ರಿ
ಸರ್, 1995ರ ಮಾರುತಿ 800 ರಿಂಗ್ ರೋಡಿನ್ಯಾಗ ಛಲೋ ಓಡತದ, ಸೂಪರ್ ಮಾರ್ಕೆಟ್ ಟ್ರಾಫಿಕ್‌ನ್ಯಾಗ ನಿಂತಾಗಷ್ಟೇ ಹೀಟ್ ಆಗತದ, ದೊಡ್ಡ ರೇಡಿಯೇಟರ್ ಹಾಕಿಸಬೇಕೇನು ಅಂತ ಕೇಳೀರಿ. ಈಗಲೇ ಬ್ಯಾಡ್ರಿ. ಓಡುವಾಗ ಗಾಳಿ ತಾನೇ ಬಡೀತದ. ನಿಂತಾಗ ಎಲೆಕ್ಟ್ರಿಕ್ ಫ್ಯಾನೇ ಗತಿ. ಫ್ಯಾನ್‌ನ ಥರ್ಮೋಸ್ವಿಚ್ (ಬಿಸಿ ಏರಿದಾಗ ಫ್ಯಾನ್ ಆನ್ ಮಾಡೋ ಸ್ವಿಚ್) ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಎರಡೂ ವೈರ್ ತುದಿ ಜೋಡಿಸಿ ನೋಡ್ರಿ, ಕೈ ದೂರ ಇರಲಿ. ತಿರುಗಿದ್ರ ಸ್ವಿಚ್ ಮ್ಯಾಲೆ ಅನುಮಾನ. ತಿರುಗದಿದ್ರ ಫ್ಯೂಸ್, ವೈರಿಂಗ್, ಮೋಟರ್.

ಥರ್ಮೋಸ್ಟಾಟ್ (ಎಂಜಿನ್ ಕಾಯೋತನಕ ನೀರು ರೇಡಿಯೇಟರಿಗೆ ಹೋಗದಂಗ ತಡೆಯೋ ವಾಲ್ವ್) ಕಿತ್ತು ಒಗೀತೀನಿ ಅನ್ನೋ ಮಿಸ್ತ್ರಿ ಸಿಗತಾರ, ಒಪ್ಪಬ್ಯಾಡ್ರಿ. ಎಂಜಿನ್ ಬೇಕಾದಷ್ಟು ಕಾಯದೇ ಪೆಟ್ರೋಲ್ ಜಾಸ್ತಿ ಕುಡೀತದ.

ಇನ್ನ ನೀರು. ಬೋರಿನ ಗಡಸು ನೀರು ಹಾಕಿದ್ರ ಒಳಗ ಸುಣ್ಣ ಕಟ್ಟತದ. ಫ್ಲಶ್ ಮಾಡಿಸಿ, ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ತುಂಬ್ರಿ. ರೇಡಿಯೇಟರ್ ಕ್ಯಾಪಿನ ರಬ್ಬರೂ ನೋಡ್ರಿ, ಎಂಜಿನ್ ಪೂರ್ತಿ ತಣ್ಣಗಾದ ಮ್ಯಾಲೆ.